ಮೊಣಕಾಲಿನ ಗಾದಿ

ಮನುಷ್ಯನಿಗೆ ವಯಸ್ಸಾಯಿತೆಂದು ಮೊದಲು ಹೇಳುವುದು ನೆಲ. ಕನ್ನಡಿಯನ್ನು ಹೇಗಾದರೂ ಒಪ್ಪಿಸಬಹುದು. ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತರೆ, ಕೂದಲಿಗೆ ಒಂದಿಷ್ಟು ಬಣ್ಣ ಬಳಿದುಕೊಂಡರೆ ಅದು ಸುಮ್ಮನಾಗುತ್ತದೆ. ನೆಲದ ಮುಂದೆ ಮಾತ್ರ ಯಾವ ನಾಟಕವೂ ನಡೆಯುವುದಿಲ್ಲ. ಕುಳಿತವನು ಏಳಬೇಕು. ಏಳುವಾಗ ಮೊದಲು ಒಂದು ಕೈ ನೆಲಕ್ಕೆ ಹೋಗುತ್ತದೆ, ಆಮೇಲೆ ಕಣ್ಣು ಗೋಡೆಯನ್ನು ಹುಡುಕುತ್ತದೆ, ಆಮೇಲೆ ಬಾಯಿಂದ ತಾನಾಗಿಯೇ ‘ಯಾ ಅಲ್ಲಾ’ ಹೊರಡುತ್ತದೆ. ಯಾರಾದರೂ ನೋಡುತ್ತಿದ್ದರೆ ಏನೋ ಬಿದ್ದಿದ್ದನ್ನು ಹುಡುಕುವವನ ಹಾಗೆ ಅಲ್ಲೇ ಸ್ವಲ್ಪ ಹೊತ್ತು ಬಗ್ಗಿಕೊಂಡಿರಬೇಕು. ನಾನು ಹೀಗೆ ಹುಡುಕಿದ್ದು ನೋಡಿ, ನಮ್ಮ ಮನೆಯಲ್ಲಿ ಕಳೆದುಹೋದ ವಸ್ತುಗಳು ಬಹಳ ಎಂದು ನೆರೆಯವರು ತಿಳಿದಿದ್ದಾರೆ.

ನನಗೆ ಹೀಗಾಗಬಾರದಿತ್ತು. ಏಕೆಂದರೆ ನಾನು ರೋಣದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಊರಲ್ಲಿ ನದಾಫ ಸರ್ ಎಂದರೆ ‘ಹಗ್ಗದ ಸರ್’ ಎಂದೇ ಹೆಸರು. ಪಠ್ಯಪುಸ್ತಕದಲ್ಲಿ ಕೊಲಾಜನ್ ಎಂಬ ಪ್ರೋಟೀನಿಗೆ ಎರಡೇ ಸಾಲು ಕೊಟ್ಟಿದ್ದಾರೆ. ನಮ್ಮ ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಕೀಲಿನ ನಡುವಿನ ಮೃದ್ವಸ್ಥಿ, ಎಲ್ಲವನ್ನೂ ಹಿಡಿದು ನಿಲ್ಲಿಸಿದ ವಸ್ತುವಿಗೆ ಎರಡು ಸಾಲು ಎಂದರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ನಾನು ಪೂರ್ತಿ ಪೀರಿಯಡ್ ತೆಗೆದುಕೊಳ್ಳುತ್ತೇನೆ. ನಮ್ಮಪ್ಪ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದವರು. ಬಿಡುವಿದ್ದಾಗ ಓಣಿಯಲ್ಲಿ ಈ ಮನೆಯ ಕಂಬದಿಂದ ಆ ಮನೆಯ ಕಂಬಕ್ಕೆ ನೂಲು ಎಳೆದು ಹಗ್ಗ ಹೊಸೆಯುತ್ತಿದ್ದರು. ಹಾಗಾಗಿ ಕೊಲಾಜನ್ ನನಗೆ ಪುಸ್ತಕ ಓದುವ ಮೊದಲೇ ಪರಿಚಯವಾಗಿತ್ತು ಎನ್ನಬೇಕು.

ತರಗತಿಯಲ್ಲಿ ಮೂವರು ಹುಡುಗರ ಕೈಗೆ ಮೂರು ಎಳೆ ಕೊಡುತ್ತೇನೆ. ಒಂದೊಂದು ಎಳೆಯನ್ನೂ ಎಡಕ್ಕೆ ತಿರುಚಬೇಕು. ಆಮೇಲೆ ಮೂರನ್ನೂ ಕೂಡಿಸಿ ಬಲಕ್ಕೆ ಹೊಸೆಯಬೇಕು. ಎಳೆ ಬಿಚ್ಚಿಕೊಳ್ಳಲು ಹೋದಷ್ಟೂ ಹಗ್ಗ ಬಿಗಿಯುತ್ತದೆ. ಕೊಲಾಜನ್ ಕೂಡ ಹೀಗೇ, ಅದರ ಒಂದೊಂದು ಎಳೆಯೂ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಆದರೆ ಮೂರು ಎಳೆ ಒಂದರ ಮೈಗೆ ಒಂದು ಅಂಟಿಕೊಂಡಾಗ ಒಳಗಡೆ ಜಾಗವೇ ಇರುವುದಿಲ್ಲವಲ್ಲ, ಅದಕ್ಕೆ ಪ್ರತಿ ಎಳೆಯಲ್ಲೂ ಪ್ರತಿ ಮೂರನೆಯ ಮಣಿ ಗ್ಲೈಸೀನ್ ಎಂಬ ಎಲ್ಲಕ್ಕಿಂತ ಸಣ್ಣ ಮಣಿಯೇ ಆಗಿರಬೇಕು. ಇದನ್ನು ನಾನು ನರಗುಂದದ ಬಸ್ಸಿನ ಮೂರು ಜನರ ಸೀಟಿನಿಂದ ವಿವರಿಸುತ್ತೇನೆ. ಆ ಕಡೆ ಒಬ್ಬ ದಪ್ಪ ಗೌಡರು, ಈ ಕಡೆ ಒಬ್ಬ ದಪ್ಪ ಸಾಹುಕಾರರು ಕುಳಿತರೆ, ನಡುವೆ ಕೂಡಲು ಒಬ್ಬ ಸಣ್ಣವರು ಸಿಗಲೇಬೇಕು. ನಡುವೆಯೂ ದಪ್ಪನವರೇ ಬಂದು ಕುಳಿತರೆ ಸೀಟು ಉಬ್ಬುತ್ತದೆ, ಹಗ್ಗ ಕೆಡುತ್ತದೆ, ಕೀಲು ಸಡಿಲಾಗುತ್ತದೆ. ಅಂಥ ತಪ್ಪು ತಂದೆ ತಾಯಿಯಿಂದ ಮಕ್ಕಳಿಗೂ ಇಳಿಯಬಹುದು ಎಂದು ಹೇಳಿ, ಕೊನೆಗೆ ಹೊಸೆದ ಹಗ್ಗವನ್ನು ಹುಡುಗರ ಕೈಗೆ ಕೊಟ್ಟು ಹಗ್ಗಜಗ್ಗಾಟ ಆಡಿಸಿ ಪಾಠ ಮುಗಿಸುತ್ತೇನೆ. ಇಷ್ಟು ವರ್ಷ ಹೀಗೆ ಕಲಿಸಿದವನ ಕೀಲು ತಾನಾದರೂ ಸ್ವಲ್ಪ ಮುಲಾಜು ನೋಡಬೇಕಿತ್ತು. ನೋಡಲಿಲ್ಲ.

ಗದಗಿನ ದವಾಖಾನೆಗೆ ಹೋಗುವಾಗ ಅವ್ವನನ್ನು ಕರೆದುಕೊಂಡು ಹೋದದ್ದು ದೊಡ್ಡ ತಪ್ಪಾಯಿತು. ನಿಜ ಹೇಳಬೇಕೆಂದರೆ ನಾನು ಕರೆಯಲಿಲ್ಲ, ಅವಳೇ ಬಸ್ ಹತ್ತಿದಳು. ನಮ್ಮವ್ವ ನನ್ನ ಎದೆಯವರೆಗೂ ಬರದಷ್ಟು ಕುಳ್ಳಿ, ಕಡ್ಡಿಯಂತೆ ತೆಳ್ಳಗೆ, ಈಗಲೂ ಕುಕ್ಕರಗಾಲಲ್ಲಿ ಕುಳಿತು ರೊಟ್ಟಿ ಬಡಿದು ಏನನ್ನೂ ಹಿಡಿಯದೆ ಎದ್ದು ನಿಲ್ಲುತ್ತಾಳೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, “ಸರ್, ಮೊಣಕಾಲಿನ ಗಾದಿ ಸವದೈತ್ರಿ,” ಎಂದರು. ಎಲ್ಲ ರೋಗಿಗಳಿಗೂ ಹೇಳುವ ಮಾತೇ. ಆದರೆ ಗಾದಿ ಮಾಡುವವರ ಮನೆಯವರ ಮುಂದೆ ಆ ಮಾತು ಆಡಬಾರದು ಎಂದು ಪಾಪ ಅವರಿಗೇನು ಗೊತ್ತು?

“ಸವದ್ರ ಏನಾತ್ರಿ? ಬಿಚ್ಚಿ, ಹತ್ತಿ ಹಿಂಜಿ, ಬಿಸಲಿಗೆ ಹಾಕಿ ಮತ್ತ ತುಂಬ್ರಿ,” ಎಂದಳು ಅವ್ವ.

“ಇದನ್ನ ಹಂಗ ತುಂಬಾಕ ಬರಂಗಿಲ್ಲಬೇ ಯವ್ವಾ. ಮುಂದ ಭಾಳ ತ್ರಾಸ ಆದ್ರ ಕೀಲನ ಬದಲಸ್ತೀವಿ.”

“ಗಾದಿ ಕುಂತೈತಂತ ಮಂಚಾನ ಬದಲಸ್ತೀರೇನ್ರಿ?” ಎಂದು ಅವ್ವ ನನ್ನ ಕಡೆ ತಿರುಗಿದಳು. “ಏಳಪಾ, ಇವ್ರಿಗೆ ಕೆಲಸ ಬರಂಗಿಲ್ಲ.”

ಅಂದಿನಿಂದ ನನ್ನ ಮೊಣಕಾಲು ನನ್ನದಾಗಿ ಉಳಿಯಲಿಲ್ಲ, ಮನೆತನದ ಕಸುಬಿನ ಮರ್ಯಾದೆಯಾಯಿತು. ಊರವರ ಗಾದಿಯನ್ನೆಲ್ಲ ಉಬ್ಬಿಸಿಕೊಟ್ಟ ಮನೆಯಲ್ಲಿ ಮಗನ ಗಾದಿ ಚಪ್ಪಟೆಯಾಗಿ ಕೂಡುವುದೆಂದರೇನು? ಅವ್ವ ಪಾಯಾ ಸೂಪು ಶುರುಮಾಡಿದಳು. ಕುರಿಯ ಕಾಲನ್ನು ಮುಂಜಾನೆಯಿಂದ ಕುದಿಸಿ, ಬೆರಳಿಗೆ ಅಂಟುವ ಹಾಗಾದ ಮೇಲೆ ನಿಂಬೆಹಣ್ಣು ಹಿಂಡಿ ತಂದಿಡುವಳು. ನಾನು ಸುಮ್ಮನೆ ಕುಡಿಯಬಹುದಿತ್ತು. ಮೇಷ್ಟರಾದವರಿಗೆ ಆ ಸುಖವಿಲ್ಲ.

“ಅವ್ವಾ, ಇದು ಕೊಲಾಜನ್ನ ಖರೇ. ಆದ್ರ ಹೊಟ್ಟಿಗೆ ಹೋದ ಕೂಡಲೆ ಹಗ್ಗ ಎಲ್ಲಾ ಬಿಚ್ಚಿ ಬಿಡಿ ಬಿಡಿ ಆಗತೈತಿ. ಸೀದಾ ಮೊಣಕಾಲಿಗೆ ಹೋಗಿ ಕುಂಡ್ರಂಗಿಲ್ಲ.”

“ಹಳೇ ಗಾದಿ ಮಶೀನಿಗೆ ಹಾಕಿದ್ರ ಬಿಡಿ ಬಿಡಿ ಆಗೇ ಬರ್ತೈತಿ. ಆಮ್ಯಾಲ ತುಂಬತೀವಿ.”

“ತುಂಬೋರು ಯಾರು? ಮೊಣಕಾಲಿನ ಗಾದಿಗೆ ರಕ್ತಾನ ಹೋಗಂಗಿಲ್ಲ. ದೇಹ ತನಗ ಬೇಕಾದಲ್ಲಿ ತುಂಬಕೊಂತೈತಿ, ನಾವು ಹೇಳಿದಲ್ಲಿ ಅಲ್ಲ. ಇದರಾಗ ಖಾತ್ರಿ ಉಪಯೋಗ ಆಗೂದು ಅಂದ್ರ ನಿಂಬಿಹಣ್ಣು. ಅದರಾಗಿನ ವಿಟಮಿನ್ ಸಿ ಇಲ್ಲಂದ್ರ ಎಳಿ ಗಟ್ಟಿ ಹಿಡಿಯಂಗಿಲ್ಲ.”

“ಹಂಗಾರ ನಿಂಬಿಹಣ್ಣಿನ ಸಲುವಾಗೆರ ಕುಡಿ,” ಎಂದು ಅವ್ವ ಬಟ್ಟಲನ್ನು ಮುಂದೆ ತಳ್ಳುವಳು. ಹೀಗೆ ನಿಂಬೆಹಣ್ಣಿನ ನೆಪದಲ್ಲಿ ನಾನು ಎಷ್ಟು ಕುರಿಗಳ ಕಾಲು ಕುಡಿದೆನೋ ಲೆಕ್ಕವಿಲ್ಲ. ಮೊಣಕಾಲು ಇದ್ದ ಹಾಗೇ ಇತ್ತು. ಹೊಟ್ಟೆ ಮಾತ್ರ ಒಳ್ಳೆಯ ಹೊಸ ಗಾದಿಯಂತೆ ಉಬ್ಬಿತು. ಆ ಭಾರವನ್ನೂ ಹೊರಬೇಕಾದದ್ದು ಅದೇ ಮೊಣಕಾಲು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಸ್ತಾಗಿ ಸುಮ್ಮನಿರುತ್ತಿದ್ದೆ. ಅಷ್ಟರಲ್ಲಿ ಮಗಳು ಸಲ್ಮಾಳಿಗೆ ಸಂಬಂಧ ಬಂತು. ಅವಳು ಅಬ್ಬಿಗೇರಿಯ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಹುಡುಗ ಇಮ್ರಾನ್ ನರಗುಂದದಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾನೆ. ಪಿಯುಸಿಯನ್ನು ನಮ್ಮಲ್ಲೇ ಓದಿದವನು. ಹುಡುಗಿಗೆ ಮನಸ್ಸಿದೆಯೋ ಇಲ್ಲವೋ ಎಂದು ನಾವು ಕೇಳುವ ಪ್ರಸಂಗವೇ ಬರಲಿಲ್ಲ. ಎಂದೂ ನನ್ನ ಅಂಗಿಯ ಕಡೆ ನೋಡದವಳು, ಅವರು ನೋಡಲು ಬರುತ್ತಾರೆ ಎಂದದ್ದೇ ಅದಕ್ಕೆ ಇಸ್ತ್ರಿ ಹಾಕಿ ಮೊಳೆಗೆ ನೇತುಹಾಕಿದ್ದಳು. ಇಂಥದ್ದೆಲ್ಲ ತಂದೆಗೆ ತಿಳಿಯುತ್ತದೆ. ಈ ಸಂಬಂಧ ಆಗಬೇಕು ಎಂದು ನನಗೆ ಅವಳಿಗಿಂತ ಹೆಚ್ಚು ಅನ್ನಿಸತೊಡಗಿತು.

ಅನ್ನಿಸಿದ ಮರುಕ್ಷಣವೇ ಹೆದರಿಕೆಯೂ ಶುರುವಾಯಿತು. ಇಮ್ರಾನ್ ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂಡುತ್ತಿದ್ದ. ನಾನು ಕೆಮ್ಮಿದರೂ ಬರೆದುಕೊಳ್ಳುವ ಹುಡುಗ. ಕೊಲಾಜನ್ನಿನ ದೋಷ ತಂದೆಯಿಂದ ಮಕ್ಕಳಿಗೆ ಇಳಿಯಬಹುದೆಂದು ಹೇಳಿದವನು ನಾನೇ. ಈಗ ಅದೇ ನಾನು ಅವನ ಎದುರಿಗೆ ಗೋಡೆ ಹಿಡಿದು ಎದ್ದರೆ ಅವನ ತಲೆಯಲ್ಲಿ ಏನು ಹೊಳೆಯಬೇಡ? ನನ್ನದು ವಯಸ್ಸಿನ ಸವೆತ, ಮನೆತನದ ದೋಷವಲ್ಲ ಎಂದು ನನಗೆ ಗೊತ್ತು. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಹಲಗೆ ಹಾಕಿ ಪಾಠ ಮಾಡಲು ಬರುತ್ತದೆಯೇ?

“ಅದಕ್ಯಾಕ ಇಷ್ಟು ತ್ರಾಸ? ಎಲ್ಲಾರಿಗೂ ಕುರ್ಚಿ ಹಾಕಿಬಿಡೂಣು,” ಎಂದಳು ಹೆಂಡತಿ ರಜಿಯಾ. ಅವಳ ಮಾತು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಹಾಗಾಗಿಯೇ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ.

“ಗಾದಿ ಮಾಡೋರ ಮನ್ಯಾಗ ಬೀಗರನ್ನ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕುಂಡ್ರಸ್ತೀಯೇನು?” ಎಂದು ಅವ್ವ ಒಳಗಿನಿಂದಲೇ ಕೇಳಿದಳು. “ನಿಮ್ಮ ಮಾವ ಇದ್ದಾಗ ಸೋಯರಿಕಿ ಮಾತು ಅಂದ್ರ ಹೊಸದಾಗಿ ಹಿಂಜಿದ ಗಾದಿ ಮ್ಯಾಲ ಆಡಬೇಕು. ಇಬ್ರೂ ಬೀಗರು ಒಂದ ಗಾದಿ ಮ್ಯಾಲ ಕುಂತು ಏಳಬೇಕು. ಗಾದಿ ಒಪ್ಪಿದ್ರ ಮಾತೂ ಒಪ್ಪಿದಂಗ.”

ನಮ್ಮಲ್ಲಿ ಇದು ಹಿಂದಿನಿಂದ ನಡೆದುಬಂದ ಪದ್ಧತಿ, ಅವ್ವನ ಹತ್ತಿರ ವಾದವಿಲ್ಲ. ಅಪ್ಪ ತಮ್ಮ ಕೈಯಿಂದ ಹೊಲಿದ ಕೊನೆಯ ಗಾದಿಯನ್ನು ಅವ್ವ ಅಟ್ಟದಿಂದ ಇಳಿಸಿ, ಬಿಚ್ಚಿ, ಹತ್ತಿ ಹಿಂಜಿಸಿ, ಬಿಳಿ ಗವಸು ಹಾಕಿ ಪಡಸಾಲೆಯಲ್ಲಿ ಹಾಸಿಟ್ಟಳು. ನಾನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂಡುವುದನ್ನೂ ಏಳುವುದನ್ನೂ ಅಭ್ಯಾಸ ಮಾಡತೊಡಗಿದೆ. ಕೂಡುವುದು ಬಂತು, ಅದಕ್ಕೆ ಭೂಮಿಯ ಸಹಾಯವಿರುತ್ತದೆ. ಏಳುವುದು ಬರಲಿಲ್ಲ. ರಜಿಯಾ ಅಕ್ಕಿ ಆರಿಸುವ ಮೊರ ಹಿಡಿದು ಬಾಗಿಲು ತಳ್ಳಿ ನೋಡಿ, ಮತ್ತೆ ಬಾಗಿಲೆಳೆದುಕೊಂಡು ಹೋದಳು. ಬೈದಿದ್ದರೇ ವಾಸಿಯಿತ್ತು.

ಬೀಗರು ಬರುವ ಹಿಂದಿನ ದಿನ ಸಲ್ಮಾ ನನ್ನ ಹತ್ತಿರ ಬಂದು ಕುಳಿತಳು. “ಅಪ್ಪಾ, ನೀ ಸುಮ್ನ ಕುರ್ಚಿ ಮ್ಯಾಲ ಕುಂಡ್ರು. ನಿನ್ನ ಕಾಲು ನೋಡಿ ಅವ್ರು ಬ್ಯಾಡ ಅಂದ್ರ, ನನಗೂ ಅವ್ರು ಬ್ಯಾಡ,” ಎಂದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಇಸ್ತ್ರಿ ಮಾಡಿದ ಅಂಗಿಯನ್ನು ನೋಡುತ್ತಿದ್ದಳು. ಅಷ್ಟು ದೊಡ್ಡ ಮಾತನ್ನು ಅವಳು ನನ್ನ ಮೊಣಕಾಲಿಗಾಗಿ ಆಡಬೇಕಾಗಿ ಬಂತಲ್ಲ ಎಂದು ಸಂಕಟವಾಯಿತು. ಇನ್ನು ಕುರ್ಚಿಯ ಮಾತೇ ಇಲ್ಲ, ಸತ್ತರೂ ಸರಿ, ಗಾದಿಯ ಮೇಲೆ ಕುಳಿತೇ ಏಳುತ್ತೇನೆ ಎಂದು ತೀರ್ಮಾನಿಸಿದೆ.

ಅವರು ಬಂದರು. ಇಮ್ರಾನ್, ಅವನ ತಾಯಿ, ತಂದೆ ಹುಸೇನಸಾಬರು. ತಾಯಿ ಹೆಂಗಸರ ಜೊತೆ ಒಳಗೆ ಹೋದರು. ಹುಸೇನಸಾಬರು ನನ್ನ ಎರಡರಷ್ಟು ದೊಡ್ಡ ಆಳು. ಅತ್ತರು ಹಚ್ಚಿಕೊಂಡಿದ್ದರು, ಆದರೆ ಅತ್ತರಿನ ಕೆಳಗೆ ಇನ್ನೊಂದು ವಾಸನೆಯೂ ಇತ್ತು. ನನಗೆ ಬಹಳ ಪರಿಚಯದ ವಾಸನೆ. ನನ್ನದೇ ಇರಬೇಕು ಎಂದುಕೊಂಡೆ, ಬೆಳಿಗ್ಗೆ ತಾನೆ ನೋವಿನ ಎಣ್ಣೆ ತಿಕ್ಕಿಕೊಂಡಿದ್ದೆನಲ್ಲ. ಅವರು ಗಾದಿಯ ಮುಂದೆ ನಿಂತು ಅದನ್ನೇ ಬಹಳ ಹೊತ್ತು ನೋಡಿದರು. ಅಪ್ಪನ ಹೊಲಿಗೆಯನ್ನು ಮೆಚ್ಚುತ್ತಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು.

“ಕುಂಡ್ರ್ರಿ,” ಎಂದೆ.

“ಮೊದಲ ನೀವ ಕುಂಡ್ರ್ರಿ,” ಎಂದರು.

ಕೊನೆಗೆ ಇಬ್ಬರೂ ಒಟ್ಟಿಗೇ ಕುಳಿತೆವು. ಮೊಣಕಾಲು ಕಟ್ ಎಂದದ್ದು ಕೇಳಿಸಬಾರದೆಂದು ನಾನು ಜೋರಾಗಿ ಕೆಮ್ಮಿದೆ. ಅದೇ ಕ್ಷಣಕ್ಕೆ ಅವರೂ ಕೆಮ್ಮಿದರು. ಸುಸಲಾ ಮಿರ್ಚಿ ಬಂತು, ಚಹಾ ಬಂತು. ಮಾತು ಎಷ್ಟು ಸಲೀಸಾಗಿ ಸಾಗಿತೆಂದರೆ ಚಹಾ ಆರುವುದರೊಳಗೆ ಎಲ್ಲವೂ ಒಪ್ಪಿಗೆಯಾಗಿ, ಕೊಡುವುದು ತರುವುದು ಏನೂ ಬೇಡ ಎಂದು ಅವರೇ ಹೇಳಿಬಿಟ್ಟರು. ಒಳಗಿನಿಂದ ಊಟಕ್ಕೆ ಕರೆ ಬಂತು. ಇಮ್ರಾನ್ ಚಂಗನೆ ಎದ್ದು ಕೈ ತೊಳೆಯಲು ಹೋದ. ಆ ವಯಸ್ಸಿನಲ್ಲಿ ನಾವೂ ಹಾಗೇ ಏಳುತ್ತಿದ್ದೆವು.

“ಏಳ್ರಿ ಬೀಗರ, ಊಟಾ ಮಾಡೂಣು,” ಎಂದೆ.

“ಹ್ಞಾಂ, ಏಳೂಣ್ರಿ. ನೀವ ಮೊದಲ ಏಳ್ರಿ.”

“ಛೇ ಛೇ, ನೀವು ಹಿರ್ಯಾರು.”

“ನೀವು ಸರ್ ಅದೀರಿ. ನಮ್ಮ ಹುಡುಗಗ ಕಲಿಸಿದಾವ್ರು. ನಾ ಮೊದಲ ಎದ್ರ ಹ್ಯಾಂಗ?”

ಸರಿ, ಸ್ವಲ್ಪ ಮಾತಾಡಿ ಏಳೋಣವೆಂದೆ. ಮಲಪ್ರಭೆಗೆ ನೀರು ಬಂದಾಗ ಕೊಣ್ಣೂರಿನ ಸೇತುವೆ ಮುಳುಗುವ ವಿಷಯ ಮಾತಾಡಿದೆವು. ಆ ವರ್ಷ ಮುಳುಗಿದ್ದು, ಅದರ ಹಿಂದೆ ಮುಳುಗಿದ್ದು, ಮುಂದೆ ಮುಳುಗಬಹುದಾದದ್ದು. ಸೇತುವೆ ಮುಗಿದ ಮೇಲೆ ಕಡಲೆ ಬೆಳೆ ತೆಗೆದೆವು, ಅದಾದ ಮೇಲೆ ಗಜೇಂದ್ರಗಡದ ಗಾಳಿಕಂಬಗಳು. ಯಾವ ವಿಷಯವನ್ನೂ ನಾನು ಮುಗಿಯಲು ಬಿಡಲಿಲ್ಲ, ಅವರೂ ಬಿಡಲಿಲ್ಲ. ಒಳಗಿನ ಹೆಂಗಸರು ಪರದೆ ಸರಿಸಿ ಇಣುಕಿ, “ನೋಡ್ರಿ, ಈಗ್ಲೇ ಎಷ್ಟು ಹೊಂದ್ಯಾರ, ಬಿಟ್ಟು ಏಳಾಕ ಮನಸ್ಸಿಲ್ಲ,” ಎಂದು ಖುಷಿಪಟ್ಟರು. ಬಿರಿಯಾನಿ ಆರತೊಡಗಿತು. ಅದರ ವಾಸನೆ ಬರುತ್ತಿತ್ತು, ಹೊಟ್ಟೆ ಕರೆಯುತ್ತಿತ್ತು, ಕಾಲುಗಳೆರಡೂ ಯಾರದೋ ಕಾಲುಗಳ ಹಾಗೆ ಗಾದಿಯ ಮೇಲೆ ಬಿದ್ದಿದ್ದವು. ನಾನು ಗೋಡೆಯ ಕಡೆ ನೋಡಿದೆ. ಹುಸೇನಸಾಬರೂ ಅದೇ ಗೋಡೆಯನ್ನು ನೋಡುತ್ತಿದ್ದರು. ಆಗ ನೋವಿನ ಎಣ್ಣೆಯ ಆ ವಾಸನೆ ಮತ್ತೆ ಮೂಗಿಗೆ ಬಂತು. ಅದು ನನ್ನ ಎಣ್ಣೆಯದಲ್ಲ. ನನ್ನದರಲ್ಲಿ ಲವಂಗವಿಲ್ಲ.

ಅಷ್ಟರಲ್ಲಿ ಅವ್ವ ಬಂದಳು. ಸೊಂಟದ ಮೇಲೆ ಕೈ ಇಟ್ಟು ಇಬ್ಬರನ್ನೂ ನೋಡಿ, “ಏನಾಗೇತಿ ನಿಮಗ? ಎಲಿ ಮುಂದ ಮಂದಿ ಕಾಯಾಕತ್ತಾರ,” ಎಂದಳು.

ಹುಸೇನಸಾಬರು ತಲೆ ತಗ್ಗಿಸಿದರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. “ಯವ್ವಾ, ಏಳಾಕ ಬರವಲ್ದರಿ. ಎರಡೂ ಮೊಣಕಾಲು ಹೋಗ್ಯಾವ. ಹುಡುಗ ಹೇಳಬ್ಯಾಡ ಅಂದಿದ್ದ.”

“ನನಗೂ ಬರವಲ್ದರಿ ಬೀಗರ,” ಎಂದೆ. ಹೇಳಿದ್ದೇ ತಡ, ಎಷ್ಟೋ ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಭಾರ ಇಳಿದುಹೋಯಿತು. ಇಬ್ಬರೂ ನಗತೊಡಗಿದೆವು. ನಕ್ಕರೆ ಮೊಣಕಾಲು ನೋಯುತ್ತಿತ್ತು, ನೋವಾದರೆ ಇನ್ನೂ ನಗು ಬರುತ್ತಿತ್ತು.

ಅವ್ವ ನಗಲಿಲ್ಲ. ನಮ್ಮಿಬ್ಬರ ನಡುವೆ ಉಳಿದಿದ್ದ ಗೇಣು ಜಾಗದಲ್ಲಿ ಬಂದು ನಿಂತು, ಒಂದು ಕೈ ನನಗೂ ಒಂದು ಕೈ ಅವರಿಗೂ ಕೊಟ್ಟಳು. “ಒಬ್ರನ್ನೊಬ್ರು ಹಿಡ್ಕೋರಿ, ಒಮ್ಮೆಲೆ ಏಳ್ರಿ,” ಎಂದಳು. ನಾನು ಅವರ ಹೆಗಲು ಹಿಡಿದೆ, ಅವರು ನನ್ನ ಹೆಗಲು ಹಿಡಿದರು, ನಡುವೆ ಅವ್ವ. ಒಬ್ಬರ ಮೇಲೊಬ್ಬರು ಹೊಸೆದುಕೊಂಡು, ನರಳುತ್ತಾ, ಹೇಗೋ ಎದ್ದು ನಿಂತೆವು. ನಡುವೆ ಇನ್ನೊಬ್ಬರು ದಪ್ಪನವರು ಇದ್ದಿದ್ದರೆ ಮೂವರೂ ಬೀಳುತ್ತಿದ್ದೆವು. ಬಸ್ಸಿನ ಸೀಟು, ದಪ್ಪ ಗೌಡರು, ಸಾಹುಕಾರರು ಎಂದು ನಾನು ಇಷ್ಟು ವರ್ಷ ಉದಾಹರಣೆ ಕೊಡುತ್ತಿದ್ದೆ. ಗ್ಲೈಸೀನ್ ನನ್ನ ಮನೆಯಲ್ಲೇ ರೊಟ್ಟಿ ಬಡಿಯುತ್ತಿತ್ತು.

ಸದ್ದು ಕೇಳಿ ಇಮ್ರಾನ್ ಕೈ ಒರೆಸುತ್ತಾ ಓಡಿ ಬಂದ. ಹಿಂದೆ ಸಲ್ಮಾ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ಇಮ್ರಾನ್ ನನ್ನ ಕಾಲನ್ನೂ ಅವನ ತಂದೆಯ ಕಾಲನ್ನೂ ನೋಡಿ, “ಮಾಫ್ ಮಾಡ್ರಿ ಸರ್,” ಎಂದ. “ಅಪ್ಪಂದು ನಾನ ಮುಚ್ಚಿಟ್ಟಿದ್ದೆ. ನೀವ ಹಗ್ಗದ ಪಾಠದಾಗ ಹೇಳಿದ್ರಲ್ಲಾ, ದೋಷ ಇದ್ರ ಮಕ್ಕಳಿಗೆ ಇಳೀತೈತಿ ಅಂತ. ನಮ್ಮಪ್ಪನ ಮೊಣಕಾಲು ನೋಡಿದ್ರ ನೀವು ಹೆಣ್ಣು ಕೊಡಂಗಿಲ್ಲ ಅಂತ ಹೆದರಿದ್ದೆ.”

ಅಂದರೆ ಇಬ್ಬರು ವಯಸ್ಸಾದ ಗಂಡಸರು ಬಿಸಿ ಬಿರಿಯಾನಿ ಬಿಟ್ಟು ಕೊಣ್ಣೂರಿನ ಸೇತುವೆಯನ್ನು ಅಷ್ಟು ಸಲ ಮುಳುಗಿಸಿದ್ದು ನನ್ನ ಪಾಠದಿಂದ. ಕಲಿಸಿದ್ದು ವಿದ್ಯಾರ್ಥಿಯ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕುಳಿತು ನಾನು ಎಷ್ಟು ಗೊಣಗಿದ್ದೇನೆ! ನಿಂತದ್ದು ಇದೊಂದೇ, ಅದೂ ನನ್ನ ಪಡಸಾಲೆಗೇ ಬಂದು. ವಯಸ್ಸಾದ ಮೇಲೆ ಸವೆಯುವುದು ಬೇರೆ, ಹುಟ್ಟಿನಿಂದ ಬರುವ ದೋಷ ಬೇರೆ ಎಂದು ಅಲ್ಲೇ ನಿಂತು ವಿವರಿಸಲು ಹೊರಟೆ. ಮೊದಲ ಬೆಂಚಿನ ಹುಡುಗ ಗಂಭೀರವಾಗಿ ತಲೆಯಾಡಿಸುತ್ತಿದ್ದ. “ಆ ಪಾಠ ಆಗ ಮಾಡಬೇಕಿತ್ತು. ಈಗ ಊಟಕ್ಕ ನಡಿ,” ಎಂದಳು ರಜಿಯಾ.

ನಿಕಾಹ್‌ಗೆ ದಿನ ಗೊತ್ತಾಗಿದೆ. ಮೊನ್ನೆ ಹುಸೇನಸಾಬರು ಫೋನ್ ಮಾಡಿ ದನಿ ತಗ್ಗಿಸಿ, “ಬೀಗರ, ಆ ದಿನ ಕುರ್ಚಿ ಹಾಕಸೂಣು ಅಂತ ನೀವ ಒಂದ ಮಾತು ಯವ್ವಾಗ ಹೇಳ್ರಿ. ನಾ ಗಂಡಿನ ಕಡ್ಯಾಂವ, ನಾ ಹೇಳಿದ್ರ ಚಲೋ ಅನಸಂಗಿಲ್ಲ,” ಎಂದರು. ನಾನು, “ನಾ ಮಗ ಅದೀನ್ರಿ, ನನ್ನ ಮಾತು ಎಲ್ಲಿ ನಡೀತೈತಿ? ನೀವ ಹೇಳ್ರಿ,” ಎಂದೆ. ಅಲ್ಲೂ ಇಬ್ಬರೂ ಒಬ್ಬರು ಏಳಲಿ ಎಂದು ಇನ್ನೊಬ್ಬರು ಕಾಯುತ್ತಾ ಕುಳಿತಿದ್ದೇವೆ. ಅವ್ವ ಕಾಯುತ್ತಿಲ್ಲ. ಇಬ್ಬರು ಬೀಗರ ಮೊಣಕಾಲಿಗೂ ಹಿತವಾಗಲಿ ಎಂದು ಅಪ್ಪನ ಗಾದಿಯನ್ನು ಮತ್ತೆ ಬಿಚ್ಚಿಸಿ, ಇನ್ನಷ್ಟು ಹತ್ತಿ ತುಂಬಿಸಿ, ಮೊದಲಿಗಿಂತ ಎತ್ತರ, ಮೊದಲಿಗಿಂತ ಮೆತ್ತಗೆ ಮಾಡಿಸುತ್ತಿದ್ದಾಳೆ. ಗಾದಿ ಮೆತ್ತಗಾದಷ್ಟೂ ಅದರಿಂದ ಏಳುವುದು ಕಷ್ಟ ಎಂದು ಅವಳಿಗೆ ಯಾರು ಹೇಳಬೇಕು? ನಿನ್ನೆ ಹೇಳಬೇಕೆಂದೇ ಹತ್ತಿರ ಹೋಗಿ ಆ ಹತ್ತಿಯ ರಾಶಿಯ ಮೇಲೆ ಕುಳಿತೆ. ಬಹಳ ಹಿತವಾಗಿತ್ತು. ಅವ್ವ ಬಂದು ಕೈ ಕೊಡುವವರೆಗೆ ಅಲ್ಲೇ ಇದ್ದೆ.